ಬಿಕ್ಕಟ್ಟಿನ ಕಾಲದಲ್ಲಿ ಮನೋವೈದ್ಯರು ಮೊದಲು ಕಾಯಬೇಕಾದದ್ದು ತಮ್ಮ ಸಹಿಯನ್ನು

ನಿಮ್ಮ ಪ್ರಶ್ನೆ ಇದು: ದೇಶದಲ್ಲಿ ರಾಜಕೀಯ ಬಿಕ್ಕಟ್ಟು ಬಂದಾಗ ಮನೋವೈದ್ಯರು, ಸೈಕಾಲಜಿಸ್ಟ್‌ಗಳು ಬಹಿರಂಗವಾಗಿ ಮಾತಾಡಬೇಕಾ, ಇಲ್ಲ ತಮ್ಮ ಪಾಡಿಗೆ ರೋಗಿಗಳನ್ನು ನೋಡಿಕೊಂಡು ತಟಸ್ಥವಾಗಿ ಇರಬೇಕಾ? ಸೈಕಾಲಜಿ ಎಂ.ಎಸ್ಸಿ. ಓದುತ್ತಿದ್ದೀರಿ ಅಂತಲೂ ಬರೆದಿದ್ದೀರಿ. ನಾನು ಜಿಲ್ಲಾ ಆಸ್ಪತ್ರೆಯೊಂದರ ಮಾನಸಿಕ ಆರೋಗ್ಯ ವಿಭಾಗದಲ್ಲಿ ಸೋಷಿಯಲ್ ವರ್ಕರ್. ಈ ವಿಷಯವನ್ನು ತುಂಬಾ ದಿನದಿಂದ ಓದುತ್ತಾ ಬಂದಿದ್ದೇನೆ.

ಹೇಳಿಕೆ ಕೊಡುವುದೆಲ್ಲ ಆಮೇಲಿನ ಮಾತು. ಮೊದಲು, ನಮ್ಮ ಸಹಿ ಅಧಿಕಾರದಲ್ಲಿರುವವರ ಕೆಲಸಕ್ಕೆ ಬಳಕೆಯಾಗಬಾರದು. ಒಬ್ಬರನ್ನು ಜೈಲಿಗೆ ಹಾಕಬೇಕಾದರೆ ಆರೋಪ ಹೊರಿಸಬೇಕು, ಸಾಕ್ಷಿ ತರಬೇಕು, ಜಡ್ಜ್ ಒಪ್ಪಬೇಕು. 'ಇವರಿಗೆ ಮಾನಸಿಕ ಕಾಯಿಲೆ ಇದೆ' ಅಂತ ನಮ್ಮವರು ಬರೆದುಕೊಟ್ಟರೆ ದಾರಿ ಸಲೀಸು. ಆಮೇಲೆ ಆ ಮನುಷ್ಯ ಏನು ಹೇಳಿದರೂ ಅದು ಕಾಯಿಲೆಯ ಲಕ್ಷಣವಾಗಿಬಿಡುತ್ತದೆ. ಬೇರೆ ಯಾವ ವೃತ್ತಿಯವರ ಕೈಯಲ್ಲೂ ಈ ಶಕ್ತಿ ಇಲ್ಲ.

ಸೋವಿಯತ್ ಒಕ್ಕೂಟದಲ್ಲಿ ಇದು ನಡೆದೇ ಹೋಯಿತು. ಪ್ಯೋತ್ರ್ ಗ್ರಿಗೊರೆಂಕೊ ಅಲ್ಲಿನ ಸೇನೆಯಲ್ಲಿ ಮೇಜರ್ ಜನರಲ್ ಆಗಿದ್ದವರು, ಎರಡನೇ ಮಹಾಯುದ್ಧದಲ್ಲಿ ಹೋರಾಡಿದವರು. ಆಮೇಲೆ ಪಕ್ಷದ ನಾಯಕರನ್ನು ಟೀಕಿಸಿದರು. ಸ್ಟಾಲಿನ್ 1944ರಲ್ಲಿ ಊರು ಬಿಡಿಸಿದ್ದ ಕ್ರಿಮಿಯಾದ ತಾತಾರರಿಗೆ ಅವರ ನೆಲಕ್ಕೆ ಮರಳುವ ಹಕ್ಕಿದೆ ಅಂದರು. 1969ರಲ್ಲಿ ತಾಷ್ಕೆಂಟಿನಲ್ಲಿ ಅವರನ್ನು ಹಿಡಿದರು. ಅಲ್ಲಿನ ಮನೋವೈದ್ಯರು ಪರೀಕ್ಷೆ ಮಾಡಿ, ಇವರಿಗೆ ಯಾವ ಮಾನಸಿಕ ಕಾಯಿಲೆಯೂ ಇಲ್ಲ ಅಂತ ಬರೆದರು. ಮೇಲಿನವರಿಗೆ ಆ ವರದಿ ಬೇಡವಾಗಿತ್ತು. ಮಾಸ್ಕೋದ ಸೆರ್ಬ್‌ಸ್ಕಿ ಮನೋವೈದ್ಯಕೀಯ ಸಂಸ್ಥೆಗೆ ಕಳಿಸಿದರು. ಅಲ್ಲಿನ ತಂಡಕ್ಕೆ ಕಾಯಿಲೆ ಕಂಡಿತು! ಸಮಾಜವನ್ನು ಸುಧಾರಿಸಬೇಕು ಅನ್ನುವ ವಿಚಾರವೇ ಭ್ರಮೆ ಅಂತ ಅವರು ಬರೆದರು. 1974ರವರೆಗೆ ಗ್ರಿಗೊರೆಂಕೊ ಹೊರಗೆ ಬರಲಿಲ್ಲ. ಅಂಥವರನ್ನು ಇಡುತ್ತಿದ್ದ 'ವಿಶೇಷ' ಆಸ್ಪತ್ರೆಗಳು ಆರೋಗ್ಯ ಇಲಾಖೆಯ ಕೈಯಲ್ಲಿ ಇರಲಿಲ್ಲ, ಪೊಲೀಸರನ್ನು ನೋಡಿಕೊಳ್ಳುವ ಒಳಾಡಳಿತ ಸಚಿವಾಲಯದ ಕೈಯಲ್ಲಿದ್ದವು. ಮುಂದೆ ಅವರು ಅಮೆರಿಕಕ್ಕೆ ಹೋದಾಗ ಅಲ್ಲಿನ ಮನೋವೈದ್ಯರು ಮತ್ತೆ ಪರೀಕ್ಷೆ ಮಾಡಿದರು. ಅವರಿಗೆ ಯಾವ ಕಾಯಿಲೆಯೂ ಕಾಣಲಿಲ್ಲ.

ಇದಕ್ಕೆ ಬೇಕಾದ ಸಿದ್ಧಾಂತವೂ ರೆಡಿ ಇತ್ತು. ಆಂದ್ರೇಯ್ ಸ್ನೆಜ್ನೇವ್‌ಸ್ಕಿ ಅನ್ನುವ ದೊಡ್ಡ ಪ್ರೊಫೆಸರ್ 'ನಿಧಾನಗತಿಯ ಸ್ಕಿಜೋಫ್ರೇನಿಯಾ' ಅನ್ನುವ ವರ್ಗ ಮಾಡಿಟ್ಟಿದ್ದರು. ಕಿವಿಯಲ್ಲಿ ಇಲ್ಲದ ದನಿ ಕೇಳಿಸಬೇಕಾಗಿಲ್ಲ, ಕಣ್ಣಿಗೆ ಇಲ್ಲದ್ದು ಕಾಣಬೇಕಾಗಿಲ್ಲ. ಹಟ, ನಿರಾಶೆ, ಅಧಿಕಾರಿಗಳ ಜೊತೆ ಜಗಳ, ಇಷ್ಟಿದ್ದರೂ ಆ ಹೆಸರು ಅಂಟಿಸಬಹುದಿತ್ತು. ಸಹಿ ಹಾಕಿದವರೆಲ್ಲ ಕೆಟ್ಟವರು ಅಂತ ನಾನು ಹೇಳುವುದಿಲ್ಲ. ಎಷ್ಟೋ ಜನ ಆ ಸಿದ್ಧಾಂತವನ್ನೇ ಕಲಿತು ಬೆಳೆದಿದ್ದರು, ಅದನ್ನು ನಂಬಿಯೂ ಇದ್ದರು. ನನಗೆ ಇದೇ ಜಾಸ್ತಿ ಭಯ ಹುಟ್ಟಿಸುತ್ತದೆ.

ಕೀವ್ ನಗರದ ಸೆಮ್ಯೋನ್ ಗ್ಲುಜ್ಮನ್ ಆಗ ಇಪ್ಪತ್ತೈದರ ಆಸುಪಾಸಿನ ಮನೋವೈದ್ಯ. ಗ್ರಿಗೊರೆಂಕೊ ಕೇಸಿನ ದಾಖಲೆಗಳನ್ನು ಇಟ್ಟುಕೊಂಡು 1971ರಲ್ಲಿ ಒಂದು ವರದಿ ಬರೆದರು: ಈ ಮನುಷ್ಯನ ಮನಸ್ಸು ಆರೋಗ್ಯವಾಗಿದೆ, ಇವರನ್ನು ರೋಗಿ ಮಾಡಿದ್ದು ತಪ್ಪು. ಅದಾದ ಮೇಲೆ 1972ರಲ್ಲಿ ಅವರಿಗೆ ಏಳು ವರ್ಷ ಶ್ರಮ ಶಿಬಿರ, ಮೂರು ವರ್ಷ ಗಡೀಪಾರು ಶಿಕ್ಷೆಯಾಯಿತು. ಶಿಬಿರದಲ್ಲಿ ವ್ಲಾದಿಮಿರ್ ಬುಕೊವ್‌ಸ್ಕಿ ಅನ್ನುವ ಇನ್ನೊಬ್ಬ ಕೈದಿಯ ಜೊತೆ ಸೇರಿ ಒಂದು ಕೈಪಿಡಿ ಬರೆದರು. ಭಿನ್ನಮತದವರನ್ನು ಮನೋವೈದ್ಯರ ಮುಂದೆ ಕೂರಿಸಿದಾಗ ಏನು ಹೇಳಬೇಕು, ಏನು ಹೇಳಬಾರದು ಅಂತ ಅದರಲ್ಲಿದೆ. ಆ ಕೈಪಿಡಿಯ ಸುದ್ದಿ ಓದಿದಾಗ ನನಗೆ ಕಣ್ಣು ತುಂಬಿ ಬಂತು. ಡಾಕ್ಟರೊಬ್ಬರು ತಮ್ಮ ವೃತ್ತಿಯವರಿಂದ ಜನರನ್ನು ಕಾಪಾಡಲು ಜೈಲಿನಲ್ಲಿ ಕೂತು ಬರೆಯಬೇಕಾಯಿತು.

ಅವರ ಬೆನ್ನಿಗೆ ಯಾರಿದ್ದರು? ಬುಕೊವ್‌ಸ್ಕಿ 1971ರಲ್ಲೇ ದಾಖಲೆಗಳನ್ನು ಹೊರದೇಶಕ್ಕೆ ಕಳಿಸಿ, ದಯವಿಟ್ಟು ಪರಿಶೀಲಿಸಿ ಅಂತ ಪಶ್ಚಿಮದ ಮನೋವೈದ್ಯರನ್ನು ಕೇಳಿಕೊಂಡಿದ್ದರು. ಆ ವರ್ಷ ಮೆಕ್ಸಿಕೋದಲ್ಲಿ ಸೇರಿದ ವಿಶ್ವ ಮನೋವೈದ್ಯರ ಸಂಘ ಏನೂ ಮಾಡಲಿಲ್ಲ. 1977ರಲ್ಲಿ ಹೊನೊಲುಲುವಿನಲ್ಲಿ ಖಂಡನೆಯ ನಿರ್ಣಯ ಪಾಸಾಯಿತು, ಪರವಾಗಿ 90 ಮತ, ವಿರುದ್ಧ 88. ಎರಡೇ ಮತದ ಅಂತರ! 1983ರಲ್ಲಿ ಹೊರಹಾಕುತ್ತಾರೆ ಅಂತ ಗೊತ್ತಾದಾಗ ಸೋವಿಯತ್ ಸಂಘ ತಾನೇ ಹೊರನಡೆಯಿತು. 1989ರಲ್ಲಿ ಮರಳಿ ಸೇರುವಾಗ ತಪ್ಪು ನಡೆದಿತ್ತು ಅಂತ ಒಪ್ಪಬೇಕಾಯಿತು. ಸಂಘಗಳು ಒತ್ತಡ ಹಾಕಿದ್ದಕ್ಕೆ ಫಲ ಸಿಕ್ಕಿತು ನಿಜ, ಆದರೆ ಅಷ್ಟರಲ್ಲಿ ಗ್ಲುಜ್ಮನ್ ತಮ್ಮ ಹತ್ತು ವರ್ಷ ಮುಗಿಸಿ ಬಂದಿದ್ದರು. ಹಾಗಾಗಿ ಒಬ್ಬ ಡಾಕ್ಟರಿಗೆ 'ನೀನು ಧೈರ್ಯ ಮಾಡು' ಅಂತ ಹೇಳಿ ಸಂಘ ಸುಮ್ಮನಿದ್ದರೆ ಅದು ಅನ್ಯಾಯ. ನೈತಿಕ ಹೊಣೆ ಸಂಘದ್ದೂ ಹೌದು.

ಸರ್ವಾಧಿಕಾರ ಇರುವಲ್ಲಿ ಮಾತ್ರ ಹೀಗಾಗುತ್ತದೆ ಅಂದುಕೊಳ್ಳಬೇಡಿ. 2001ರ ದಾಳಿಯ ನಂತರ ಅಮೆರಿಕದ ಸಿಐಎ ನಡೆಸಿದ ಕ್ರೂರ ವಿಚಾರಣೆಯ ವಿಧಾನಗಳನ್ನು ರೂಪಿಸಿದವರು ಜೇಮ್ಸ್ ಮಿಚೆಲ್, ಬ್ರೂಸ್ ಜೆಸ್ಸನ್ ಅನ್ನುವ ಇಬ್ಬರು ಸೈಕಾಲಜಿಸ್ಟ್‌ಗಳು. ಅವರ ಕಂಪನಿಗೆ 8.1 ಕೋಟಿ ಡಾಲರ್ ಸಂದಾಯವಾಯಿತು ಅಂತ ಅಲ್ಲಿನ ಸೆನೆಟ್ ಸಮಿತಿಯ 2014ರ ವರದಿ ಹೇಳುತ್ತದೆ. ಅಬು ಜುಬೈದಾ ಅನ್ನುವ ಒಬ್ಬನೇ ಕೈದಿಗೆ 83 ಸಲ ನೀರಿನಲ್ಲಿ ಉಸಿರುಗಟ್ಟಿಸುವ ಹಿಂಸೆ ಕೊಟ್ಟರು. ಅಮೆರಿಕದ ಮನೋವೈದ್ಯರ ಸಂಘ 2006ರಲ್ಲೇ, ನಮ್ಮವರು ಇಂಥ ವಿಚಾರಣೆಯಲ್ಲಿ ನೇರವಾಗಿ ಭಾಗವಹಿಸಬಾರದು ಅಂದಿತು. ಸೈಕಾಲಜಿಸ್ಟ್‌ಗಳ ಸಂಘ ಮಾತ್ರ 2005ರಲ್ಲಿ ಭಾಗವಹಿಸಬಹುದು ಅಂತ ನಿಯಮ ಮಾಡಿತು. ಸಂಘದ ಕೆಲವು ಮುಖ್ಯಸ್ಥರು ರಕ್ಷಣಾ ಇಲಾಖೆಗೆ ಅನುಕೂಲವಾಗುವ ಹಾಗೆ ಅದರ ಜೊತೆ ಮಾತಾಡಿಕೊಂಡೇ ಹೀಗೆ ಮಾಡಿದ್ದು ಅಂತ 2015ರ ಹಾಫ್‌ಮನ್ ವರದಿಯಲ್ಲಿ, ಅಂದರೆ ಆ ಸಂಘವೇ ಡೇವಿಡ್ ಹಾಫ್‌ಮನ್ ಅನ್ನುವ ವಕೀಲರಿಂದ ಮಾಡಿಸಿದ ತನಿಖೆಯ ವರದಿಯಲ್ಲಿ, ಹೊರಬಂತು. ಅವರನ್ನು ಯಾರೂ ಶ್ರಮ ಶಿಬಿರಕ್ಕೆ ಕಳಿಸುತ್ತಿರಲಿಲ್ಲ. ನನಗೆ ಇದು ಸೋವಿಯತ್ ಕಥೆಗಿಂತ ನಾಚಿಕೆಗೇಡು ಅನ್ನಿಸುತ್ತದೆ.

ಇನ್ನು ಮಾತಾಡುವ ವಿಷಯ. ಇಲ್ಲೂ ಎಡವಿದವರಿದ್ದಾರೆ. 1964ರಲ್ಲಿ ಬ್ಯಾರಿ ಗೋಲ್ಡ್‌ವಾಟರ್ ಅಮೆರಿಕದ ಅಧ್ಯಕ್ಷ ಸ್ಥಾನಕ್ಕೆ ನಿಂತಾಗ ಒಂದು ಪತ್ರಿಕೆ ಸಾವಿರಾರು ಮನೋವೈದ್ಯರನ್ನು 'ಇವರ ಮನಸ್ಸು ಸರಿ ಇದೆಯಾ' ಅಂತ ಕೇಳಿತು. 1,189 ಜನ, ಆತನನ್ನು ಒಮ್ಮೆಯೂ ಪರೀಕ್ಷೆ ಮಾಡದೆ, ಅಧ್ಯಕ್ಷರಾಗಲು ಯೋಗ್ಯರಲ್ಲ ಅಂದರು. ಗೋಲ್ಡ್‌ವಾಟರ್ ಕೇಸು ಹಾಕಿ ಗೆದ್ದರು. ಪರೀಕ್ಷೆ ಮಾಡದ ಸಾರ್ವಜನಿಕ ವ್ಯಕ್ತಿಗೆ ಡಯಾಗ್ನೋಸಿಸ್ ಕೊಡಬಾರದು ಅನ್ನುವ ನಿಯಮ 1973ರಲ್ಲಿ ಬಂತು. ಗ್ಲುಜ್ಮನ್ ಕೂಡ ನೋಡದೆಯೇ ಬರೆದರಲ್ವಾ ಅಂತ ನೀವು ಕೇಳಬಹುದು. ಬರೆದರು, ಆದರೆ ಸರ್ಕಾರ ಅಂಟಿಸಿದ ಕಾಯಿಲೆಯ ಹೆಸರಿಗೆ ದಾಖಲೆಯಲ್ಲಿ ಆಧಾರ ಇದೆಯಾ ಅಂತ ನೋಡಿದರು. ಬೀಗ ಹಾಕಿಟ್ಟ ಮನುಷ್ಯನನ್ನು ನೇರವಾಗಿ ನೋಡುವ ದಾರಿಯೂ ಅವರಿಗೆ ಇರಲಿಲ್ಲ. ಆ ಬರಹದಿಂದ ತೊಂದರೆಯಾಗಿದ್ದು ಬರೆದವರಿಗೆ.

ನಾಯಕರಿಗೆ ಕಾಯಿಲೆಯ ಹೆಸರಿಡದೆಯೂ ಮಾತಾಡಬಹುದು. ಒಂದು ನೀತಿಯಿಂದ ಜನರ ಮನಸ್ಸಿಗೆ ಏನಾಗುತ್ತಿದೆ ಅಂತ ಹೇಳುವುದು ನಮ್ಮದೇ ಕೆಲಸ. 2018ರಲ್ಲಿ ಅಮೆರಿಕದ ಗಡಿಯಲ್ಲಿ ಮಕ್ಕಳನ್ನು ತಂದೆ ತಾಯಿಯಿಂದ ಬೇರೆ ಮಾಡಿದಾಗ ಅಲ್ಲಿನ ಮನೋವೈದ್ಯರ ಸಂಘ ವಿರೋಧಿಸಿದ್ದು ಈ ಥರದ ಮಾತು. ನನ್ನ ಮಟ್ಟಿಗೆ ತಟಸ್ಥತೆ ಅಂದರೆ, ಎದುರಿಗೆ ಕೂತವರು ಯಾವ ಪಕ್ಷ, ಯಾವ ಧರ್ಮ ಅಂತ ನೋಡದೆ ಚಿಕಿತ್ಸೆ ಕೊಡುವುದು. ಅದನ್ನು ಯಾವ ಕಾಲದಲ್ಲೂ ಬಿಡಬಾರದು.

ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ಕಾಯ್ದೆಯ 3ನೇ ಸೆಕ್ಷನ್ ಓದಿ. ಒಬ್ಬರ ರಾಜಕೀಯ, ಆರ್ಥಿಕ, ಸಾಮಾಜಿಕ ಸ್ಥಾನಮಾನ ನೋಡಿ, ಅಥವಾ ಸುತ್ತಲಿನ ಸಮಾಜದ ನೈತಿಕ, ರಾಜಕೀಯ, ಧಾರ್ಮಿಕ ನಂಬಿಕೆಗಳನ್ನು ಒಪ್ಪುವುದಿಲ್ಲ ಅನ್ನುವ ಕಾರಣಕ್ಕೆ ಮಾನಸಿಕ ಕಾಯಿಲೆ ಇದೆ ಅನ್ನುವ ಹಾಗಿಲ್ಲ ಅಂತ ಅಲ್ಲಿದೆ. ನಮ್ಮ ಓಪಿಡಿಯಲ್ಲಿ ಇದರ ಬೆಲೆ ಗೊತ್ತಾಗುವುದು ಹೆಚ್ಚಾಗಿ ಮನೆಯವರಿಂದ. ಬೇರೆ ಜಾತಿಯ ಹುಡುಗನನ್ನು ಇಷ್ಟಪಟ್ಟ ಮಗಳನ್ನು ಕರೆತಂದು 'ಇವಳ ತಲೆ ಸರಿ ಇಲ್ಲ, ಬರೆದುಕೊಡಿ ಸಾರ್' ಅನ್ನುವವರಿದ್ದಾರೆ. ಆಗ ಬರೆದುಕೊಡದ ಡಾಕ್ಟರೇ ನಾಳೆ ದೊಡ್ಡ ಒತ್ತಡ ಬಂದಾಗಲೂ ಬರೆದುಕೊಡಲಾರರು ಅಂತ ನನ್ನ ನಂಬಿಕೆ.

ನೀವು ಕೆಲಸಕ್ಕೆ ಸೇರಿದ ಮೇಲೆ ಅಂಥ ಒತ್ತಡ ಬಂದರೆ, ಆದೇಶವನ್ನು ಬರವಣಿಗೆಯಲ್ಲಿ ಕೇಳಿ. ನೀವು ನೋಡಿದ್ದನ್ನಷ್ಟೇ ಕೇಸ್ ಶೀಟಿನಲ್ಲಿ ಬರೆಯಿರಿ. ಒಬ್ಬರೇ ನಿಭಾಯಿಸಲು ಹೋಗಬೇಡಿ, ಹಿರಿಯ ಸಹೋದ್ಯೋಗಿಗೂ ಸಂಘಕ್ಕೂ ಮೊದಲೇ ತಿಳಿಸಿ. ಈಗ ಓದುತ್ತಿರುವಾಗಲೇ ನಿಮ್ಮ ವಿಭಾಗದಲ್ಲಿ ಹಾಫ್‌ಮನ್ ವರದಿಯ ಮೇಲೆ ಒಂದು ಸೆಮಿನಾರ್ ಇಡಿಸಿ. ವರದಿ ಸಾರ್ವಜನಿಕವಾಗಿ ಸಿಗುತ್ತದೆ. ತುಂಬಾ ಉದ್ದ ಇದೆ, ಹಾಗಾಗಿ ನಾಲ್ಕೈದು ಜನ ಹಂಚಿಕೊಂಡು ಓದಿ.