ಓದುಗರ ಪ್ರಶ್ನೆ: ಎಂಜಿನ್ನಿನ ಹಳದಿ ದೀಪ

ಪ್ರಶ್ನೆ: ನಾನು ಶಿರಸಿಯ ಹತ್ತಿರದ ಅಡಿಕೆ ಬೆಳೆಗಾರ. ವಾರಕ್ಕೊಮ್ಮೆಯಾದರೂ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಹೋಗಿಬರುತ್ತೇನೆ. ಐದು ವರ್ಷ ಹಳೆಯ ಪೆಟ್ರೋಲ್ ಕಾರು. ಕಳೆದ ತಿಂಗಳು ಜೋರು ಮಳೆಯಲ್ಲಿ ಘಟ್ಟ ಹತ್ತುವಾಗ ಎಂಜಿನ್ ಚಿತ್ರದ ಹಳದಿ ದೀಪ ಮಿಣುಕತೊಡಗಿತು, ಕಾರೂ ನಡುಗಿತು. ಮೇಲೆ ಬಂದ ಬಳಿಕ ನಡುಕ ನಿಂತಿತು, ದೀಪ ಮಾತ್ರ ಒಂದೇ ಸಮನೆ ಉರಿಯುತ್ತಿತ್ತು. ಗ್ಯಾರೇಜಿನವರು ಬ್ಯಾಟರಿಯ ವೈರು ಕಳಚಿ ಅರ್ಧ ಗಂಟೆ ಬಿಟ್ಟು ಜೋಡಿಸಿದರು, ದೀಪ ಆರಿತು. ನಾಲ್ಕನೆಯ ದಿನ ಮತ್ತೆ ಹೊತ್ತಿಕೊಂಡಿತು. ಈಗ ಆಕ್ಸಿಜನ್ ಸೆನ್ಸರ್ ಬದಲಿಸಬೇಕೆನ್ನುತ್ತಾರೆ. ಒಪ್ಪಬಹುದೇ? ಅಲ್ಲಿಯವರೆಗೆ ಕಾರು ಓಡಿಸಬಹುದೇ?
— ಓದುಗರೊಬ್ಬರು, ಶಿರಸಿ

ಉತ್ತರ: ದೀಪ ಘಟ್ಟದಲ್ಲಿ ಮಿಣುಕಿತು, ಮೇಲೆ ಬಂದ ಬಳಿಕ ಒಂದೇ ಸಮನೆ ಉರಿಯಿತು ಎಂದು ನೀವು ಗಮನಿಸಿ ಬರೆದಿರುವುದರಿಂದ ಅರ್ಧ ಉತ್ತರ ನಿಮ್ಮ ಪತ್ರದಲ್ಲೇ ಇದೆ. ಒಂದೇ ಸಮನೆ ಉರಿಯುವ ಹಳದಿ ದೀಪವೆಂದರೆ, ಹೊಗೆಯ ಶುದ್ಧತೆಗೆ ಸಂಬಂಧಿಸಿದ ಯಾವುದೋ ಅಳತೆ ಮಿತಿ ಮೀರಿದೆಯೆಂದು ಎಂಜಿನ್ನಿನ ಕಂಪ್ಯೂಟರು ದಾಖಲಿಸಿಕೊಂಡಿದೆ ಎಂದರ್ಥ. ಕಾರು ಸರಾಗವಾಗಿ ಓಡುತ್ತಿದ್ದು, ಬೇರಾವ ಕೆಂಪು ದೀಪವೂ ಇಲ್ಲದಿದ್ದರೆ, ಕೆಲವು ದಿನ ಮೆಲ್ಲಗೆ ಓಡಿಸಿಕೊಂಡಿದ್ದು ಬಿಡುವು ನೋಡಿ ತೋರಿಸಬಹುದು. ಮಿಣುಕುವ ದೀಪದ ಮಾತು ಬೇರೆ. ಯಾವುದೋ ಸಿಲಿಂಡರಿನಲ್ಲಿ ಪೆಟ್ರೋಲ್ ಹೊತ್ತಿಕೊಳ್ಳದೆ ಹಾಗೆಯೇ ಹೊರಗೆ ಹೋಗುತ್ತಿದೆ, ಅದು ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಉರಿದು ಅದನ್ನೇ ಕರಗಿಸಬಹುದು ಎಂಬ ಎಚ್ಚರಿಕೆ ಅದು. ಗ್ಯಾರೇಜಿನವರ ಆಡುಮಾತಿನಲ್ಲಿ ಇದೇ ಮಿಸ್‌ಫೈರ್. ಪ್ಲಾಟಿನಂ, ಪಲೇಡಿಯಂನಂಥ ಲೋಹಗಳ ಲೇಪವಿರುವ ಕನ್ವರ್ಟರಿನ ಬೆಲೆಯ ಮುಂದೆ ಪೆಟ್ರೋಲಿಗೆ ಕಿಡಿ ಕೊಡುವ ಒಂದು ಸ್ಪಾರ್ಕ್ ಪ್ಲಗ್ಗಿನ ಬೆಲೆ ಲೆಕ್ಕಕ್ಕೇ ಇಲ್ಲ.

ಘಟ್ಟದಲ್ಲೇ ಏಕೆ ಹೀಗಾಯಿತು? ಸಮುದ್ರಮಟ್ಟದಲ್ಲಿರುವ ಕುಮಟಾದಿಂದ ಸುಮಾರು 600 ಮೀಟರ್ ಎತ್ತರದ ಶಿರಸಿಗೆ ಏರುವಾಗ ಎಂಜಿನ್ನಿನ ಮೇಲೆ ಹೊರೆ ಬಿದ್ದು ಸಿಲಿಂಡರಿನೊಳಗಿನ ಒತ್ತಡ ಹೆಚ್ಚುತ್ತದೆ. ಒತ್ತಡ ಹೆಚ್ಚಿದಂತೆ ಪ್ಲಗ್ಗಿನಲ್ಲಿ ಕಿಡಿ ಹಾರಿಸಲು ಬೇಕಾಗುವ ವೋಲ್ಟೇಜೂ ಹೆಚ್ಚುತ್ತದೆ. ಸವೆದ ಪ್ಲಗ್ಗು, ಪ್ಲಗ್ಗಿಗೆ ಆ ವೋಲ್ಟೇಜ್ ಒದಗಿಸುವ ಇಗ್ನಿಷನ್ ಕಾಯಿಲ್‌ನ ಬಿರುಕು ಅಥವಾ ಅದರ ರಬ್ಬರ್ ಬೂಟಿನೊಳಗೆ ಸೇರಿದ ಮಳೆಗಾಲದ ಪಸೆ, ಇವು ಸಪಾಟು ರಸ್ತೆಯಲ್ಲಿ ಹೇಗೋ ನಿಭಾಯಿಸಿಕೊಂಡು ಹೋಗುತ್ತವೆ; ಏರಿನಲ್ಲಿ ಗುಟ್ಟು ಬಯಲಾಗುತ್ತದೆ. ಆದ್ದರಿಂದ ನನ್ನ ಅನುಮಾನ ಮೊದಲು ಹೋಗುವುದು ಪ್ಲಗ್ಗು ಮತ್ತು ಕಾಯಿಲ್‌ಗಳ ಕಡೆಗೆ. ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಹುಡುಕಿಕೊಂಡು ಬಾನೆಟ್ಟಿನೊಳಗೆ ಸೇರುವ ಇಲಿಗಳು ವೈರು ಕಡಿದಿರುವುದೂ ನಮ್ಮ ಕಡೆ ಅಪರೂಪವಲ್ಲ. ಟಾರ್ಚು ಹಿಡಿದು ಅದನ್ನು ನೀವೇ ನೋಡಬಹುದು.

ಸೆನ್ಸರ್ ಬದಲಿಸುವ ಸಲಹೆಯನ್ನು ಸದ್ಯಕ್ಕೆ ಒಪ್ಪಬೇಡಿ. ಕಿಡಿ ತಪ್ಪಿದಾಗ ಪೆಟ್ರೋಲಿನ ಜೊತೆಗೆ ಬಳಕೆಯಾಗದ ಆಮ್ಲಜನಕವೂ ಸೈಲೆನ್ಸರಿನ ಕೊಳವೆಗೆ ಬರುತ್ತದೆ. ಅಲ್ಲಿರುವ ಆಕ್ಸಿಜನ್ ಸೆನ್ಸರ್ ಅಳೆಯುವುದು ಆಮ್ಲಜನಕವನ್ನು ಮಾತ್ರ. ಅದು ಹೆಚ್ಚು ಕಂಡೊಡನೆ, ಪೆಟ್ರೋಲ್ ಕಡಿಮೆಯಾಗಿದೆ ಎಂಬ ಅರ್ಥದ ಸಂಕೇತ ಕಳಿಸುತ್ತದೆ. ಆಗ ಕಂಪ್ಯೂಟರಿನ ದಾಖಲೆ ಓದುವ ಸ್ಕ್ಯಾನರಿನಲ್ಲಿ ಅದೇ ಅರ್ಥದ ಪಿ 0171 ಎಂಬ ದೋಷದ ಕೋಡ್ ಕಾಣಿಸಿಕೊಳ್ಳಬಹುದು. ಅದನ್ನು ಓದಿದವರು ಕಂಡದ್ದನ್ನು ಕಂಡಂತೆ ಹೇಳಿದ ಸೆನ್ಸರನ್ನೇ ಕಿತ್ತುಹಾಕುತ್ತಾರೆ, ತಪ್ಪು ಮಾಡಿದ ಕಾಯಿಲ್ ಇದ್ದಲ್ಲಿಯೇ ಉಳಿಯುತ್ತದೆ. ಕೋಡ್ ಎಂಬುದು ಯಾವ ಅಳತೆ ತಪ್ಪಿತೆಂದು ಹೇಳುತ್ತದೆಯೇ ಹೊರತು ಯಾವ ಭಾಗ ಕೆಟ್ಟಿತೆಂದು ಹೇಳುವುದಿಲ್ಲ.

ಬ್ಯಾಟರಿ ಕಳಚಿದ್ದರಿಂದ ಆದ ನಷ್ಟವೂ ಇದೇ ಬಗೆಯದು. ದೋಷ ಕಂಡ ಕ್ಷಣದಲ್ಲಿ ಎಂಜಿನ್ನಿನ ವೇಗ, ಕೂಲಂಟಿನ ಉಷ್ಣತೆ, ಹೊರೆ ಎಷ್ಟಿತ್ತೆಂಬುದನ್ನು ಕಂಪ್ಯೂಟರು ಬರೆದಿಟ್ಟುಕೊಳ್ಳುತ್ತದೆ. ವೈರು ತೆಗೆದಾಗ ಸಾಮಾನ್ಯವಾಗಿ ಅದೆಲ್ಲ ಅಳಿಸಿಹೋಗುತ್ತದೆ, ಕಾಯಿಲೆ ಮಾತ್ರ ಉಳಿಯುತ್ತದೆ. ಹೆಚ್ಚಿನ ದೋಷಗಳಿಗೆ ಕಂಪ್ಯೂಟರು ಒಮ್ಮೆಗೇ ದೀಪ ಹೊತ್ತಿಸದೆ ಮತ್ತೊಂದು ಓಡಾಟದಲ್ಲೂ ಅದೇ ದೋಷ ಕಾಣಲೆಂದು ಕಾಯುತ್ತದೆ. ನಿಮ್ಮ ದೀಪ ನಾಲ್ಕು ದಿನ ಬಿಟ್ಟು ಬಂದದ್ದು ಹೀಗೆ. ನಿಜವಾಗಿ ರಿಪೇರಿಯಾಗಿದ್ದರೆ ಯಾರೂ ಅಳಿಸದಿದ್ದರೂ, ಸತತ ಮೂರು ಓಡಾಟಗಳಲ್ಲಿ ದೋಷ ಕಾಣದಿದ್ದಾಗ ದೀಪ ತಾನಾಗಿಯೇ ಆರುತ್ತದೆ.

ಈಗ ಮಾಡಬೇಕಾದದ್ದು: ಸ್ಟೀರಿಂಗಿನ ಕೆಳಗಿರುವ 16 ಪಿನ್ನಿನ ಸಾಕೆಟ್ಟಿಗೆ ಸ್ಕ್ಯಾನರ್ ಜೋಡಿಸಿ, ಏನನ್ನೂ ಅಳಿಸುವ ಮೊದಲು ಕೋಡನ್ನು ಬರೆದುಕೊಡುವಂತೆ ಕೇಳಿ. ಪಿ 0302 ಎಂದು ಬಂದರೆ ಎರಡನೆಯ ಸಿಲಿಂಡರಿನಲ್ಲಿ ಮಿಸ್‌ಫೈರ್ ಆಗುತ್ತಿದೆ ಎಂದು ತಿಳಿಯಿರಿ. ನಿಮ್ಮ ಕಾರಿನಲ್ಲಿ ಪ್ರತಿ ಪ್ಲಗ್ಗಿಗೂ ಬೇರೆ ಕಾಯಿಲ್ ಇದ್ದರೆ, ಎರಡನೆಯದರ ಕಾಯಿಲನ್ನು ಮೂರನೆಯದಕ್ಕೆ ಹಾಕಿ, ಮೂರನೆಯದನ್ನು ಇಲ್ಲಿಗೆ ತಂದು ಓಡಿಸಿ ನೋಡಲಿ. ಕೋಡ್ ಪಿ 0303ಕ್ಕೆ ಬದಲಾದರೆ ಕಾಯಿಲೇ ಅಪರಾಧಿ. ಬದಲಾಗದಿದ್ದರೆ ಮೊದಲು ಪ್ಲಗ್ಗು, ಆಮೇಲೆ ಸಿಲಿಂಡರಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ನೋಡಲಿ. ಹತ್ತು ನಿಮಿಷದ ಈ ಪರೀಕ್ಷೆಗೆ ಹೊಸ ಸಾಮಾನು ಕೊಳ್ಳಬೇಕಿಲ್ಲ. ಇದಕ್ಕೆ ಒಪ್ಪದ ಗ್ಯಾರೇಜಿನವರಾದರೆ ನಾನು ಬೇರೆಡೆ ಹೋಗುತ್ತೇನೆ.

ರಿಪೇರಿಯಾಗುವವರೆಗೆ ಘಟ್ಟಕ್ಕೆ ಇಳಿಯಬೇಡಿ. ದಾರಿಯಲ್ಲಿ ಮತ್ತೆ ಮಿಣುಕಿದರೆ ಆಕ್ಸಿಲರೇಟರ್ ಸಡಿಲಿಸಿ, ತಿರುವು ದಾಟಿದ ಮೇಲೆ ಅಗಲ ಸಿಕ್ಕಲ್ಲಿ ಎಡಕ್ಕೆ ನಿಲ್ಲಿಸಿ ಎಂಜಿನ್ ಆರಿಸಿ. ಮಳೆಯಿಲ್ಲದ ದಿನಗಳಲ್ಲಿ ಒಣ ದರಕಿನ (ತರಗೆಲೆಗಳ) ಮೇಲೆ ನಿಲ್ಲಿಸಬೇಡಿ; ಕೆಳಗಿನ ಕನ್ವರ್ಟರ್ ಆಗ ಬೆಂಕಿ ಹತ್ತಿಸುವಷ್ಟು ಕಾದಿರುತ್ತದೆ. ಮತ್ತೆ ಸ್ಟಾರ್ಟ್ ಮಾಡಿದಾಗಲೂ ಮಿಣುಕಿದರೆ ಎಳೆಸಿಕೊಂಡು ಹೋಗುವುದೇ ಅಗ್ಗ. ಆಯಿಲ್ ಒತ್ತಡದ ಅಥವಾ ಉಷ್ಣತೆಯ ಕೆಂಪು ದೀಪ ಬಂದರಂತೂ ಒಂದು ಕಿಲೋಮೀಟರನ್ನೂ ಓಡಿಸಬೇಡಿ.

ಪ್ರಶ್ನೆ: ನನ್ನದು ಬಿಎಸ್ 6 ಡೀಸೆಲ್ ಕಾರು. ಕೋಡಿಬಾಗದಿಂದ ಕಾರವಾರ ಪೇಟೆಯ ಕಚೇರಿಗೆ ಮಾತ್ರ ಓಡಿಸುತ್ತೇನೆ. ಇಷ್ಟು ಕಡಿಮೆ ಬಳಸಿದರೂ ಫಿಲ್ಟರಿನ ದೀಪ ಪದೇ ಪದೇ ಬರುವುದೇಕೆ?
— ಓದುಗರೊಬ್ಬರು, ಕಾರವಾರ

ಉತ್ತರ: ಕಡಿಮೆ ಬಳಸುವುದೇ ಕಾರಣ. ಹೊಗೆಯ ಮಸಿಯನ್ನು ಹಿಡಿದಿಡುವ ಡಿಪಿಎಫ್ ಎಂಬ ಆ ಫಿಲ್ಟರು ಮಸಿಯನ್ನು ಸುಟ್ಟುಕೊಳ್ಳಲು ಸುಮಾರು 600 ಡಿಗ್ರಿ ಸೆಲ್ಸಿಯಸ್ ಉಷ್ಣತೆಯನ್ನು ಕೆಲಹೊತ್ತು ಕಾಯ್ದುಕೊಳ್ಳಬೇಕು. ಎರಡು ಮೂರು ಕಿಲೋಮೀಟರಿನ ಓಡಾಟದಲ್ಲಿ ಎಂಜಿನ್ನೇ ಸರಿಯಾಗಿ ಬಿಸಿಯಾಗಿರುವುದಿಲ್ಲ. ದೀಪ ಬಂದೊಡನೆ, ಕಾರಿನ ಕೈಪಿಡಿಯಲ್ಲಿ ಹೇಳಿರುವಂತೆ, ಹೆದ್ದಾರಿ 66ರಲ್ಲಿ ಅಂಕೋಲಾದತ್ತ ಒಂದೇ ವೇಗದಲ್ಲಿ ಇಪ್ಪತ್ತು ಇಪ್ಪತ್ತೈದು ನಿಮಿಷ ಓಡಿಸಿ ಬನ್ನಿ. ಮಸಿ ಸುಡುವ, ಅರ್ಧಕ್ಕೇ ನಿಂತ ಪ್ರತಿ ಯತ್ನದಲ್ಲೂ ಸ್ವಲ್ಪ ಡೀಸೆಲ್ ಎಂಜಿನ್ ಆಯಿಲಿಗೆ ಸೇರುವುದರಿಂದ ಡಿಪ್‌ಸ್ಟಿಕ್ ತೆಗೆದು ನೋಡುತ್ತಿರಿ. ಆಯಿಲ್ ಮೇಲಿನ ಗೆರೆ ದಾಟಿದ್ದರೆ ಅದನ್ನು ಬದಲಿಸಬೇಕು.

ಪ್ರಶ್ನೆ: ಹಳೆಯ ಕಾರು ಕೊಳ್ಳುತ್ತಿದ್ದೇನೆ. ಎಂಜಿನ್ನಿನ ಹಳದಿ ದೀಪ ಒಮ್ಮೆಯೂ ಉರಿದಿಲ್ಲವೆಂದು ಮಾರುವವರು ಹೇಳುತ್ತಾರೆ. ನಂಬಬಹುದೇ?
— ಓದುಗರೊಬ್ಬರು, ಅಂಕೋಲಾ

ಉತ್ತರ: ಕೀಲಿಯನ್ನು ಆನ್ ಸ್ಥಾನಕ್ಕೆ ತಿರುಗಿಸಿ, ಸ್ಟಾರ್ಟ್ ಮಾಡದೆ ನೋಡಿ. ಆಗ ಈ ದೀಪ ಉರಿಯಲೇಬೇಕು, ಎಂಜಿನ್ ಹೊತ್ತಿಕೊಂಡ ಮೇಲೆ ಆರಬೇಕು. ಕೀಲಿ ತಿರುಗಿಸಿದಾಗಲೂ ಉರಿಯದಿದ್ದರೆ ದೀಪವನ್ನೇ ಯಾರೋ ಕಳಚಿರಬಹುದು. ಸ್ಕ್ಯಾನರ್ ಹಾಕಿಸಿ ನೋಡದೆ ಮುಂಗಡ ಕೊಡಬೇಡಿ.