ಕಪ್ಪು ಕವಚಕ್ಕೆ ಕಪ್ಪು ಬಣ್ಣವೊಂದೇ ಸಾಲದು

ಪ್ರಶ್ನೆ: ವೈಜ್ಞಾನಿಕ ಕಲ್ಪನೆಯ ಬೋರ್ಡ್ ಗೇಮ್ ಒಂದರ ಜೊತೆಗೆ ಬಂದ ಹನ್ನೆರಡು ಕವಚಧಾರಿ ಖಳರ ಬೊಂಬೆಗಳಿಗೆ ಬಣ್ಣ ಹಚ್ಚುತ್ತಿದ್ದೇನೆ. ಒಂದೊಂದೂ ಸುಮಾರು 32 ಮಿ.ಮೀ. ಎತ್ತರವಿದೆ. ಮೂರು ಬೊಂಬೆಗಳಿಗೆ ಅಚ್ಚ ಕಪ್ಪು ಬಳಿದು, ಕಣ್ಣಿಗೆ, ಎದೆಯ ಲಾಂಛನಕ್ಕೆ ಮತ್ತು ಭುಜದ ಪಟ್ಟಿಗೆ ಕೆಂಪು ಕೊಟ್ಟಿದ್ದೇನೆ. ಕೈಯಲ್ಲಿ ಹಿಡಿದು ನೋಡಿದರೆ ಪರವಾಗಿಲ್ಲ ಎನಿಸುತ್ತದೆ, ಆದರೆ ಬೋರ್ಡಿನ ಮೇಲಿಟ್ಟ ಕೂಡಲೇ ಇದ್ದಿಲ ಚೂರುಗಳಂತೆ ಕಾಣುತ್ತವೆ. ತಪ್ಪಿದ್ದೆಲ್ಲಿ?

ಉತ್ತರ: ನಿಮ್ಮ ಕೈ ಚೆನ್ನಾಗಿಯೇ ಇದೆ, ಲೆಕ್ಕ ತಪ್ಪಿರುವುದು ಬೆಳಕಿನದು. ಆಳೆತ್ತರದ ಉಕ್ಕಿನ ಕವಚದ ಮೇಲೆ ಬೆಳಕು ಬಿದ್ದರೆ ಭುಜದ ಮೇಲ್ಭಾಗ ಹೊಳೆಯುತ್ತದೆ, ಕಂಕುಳ ಕೆಳಗೆ ಗಾಢವಾದ ನೆರಳು ಕೂರುತ್ತದೆ. ಅದೇ ಆಕಾರವನ್ನು ಹೆಬ್ಬೆರಳಿಗಿಂತ ಗಿಡ್ಡದಾಗಿ ಎರಕ ಹೊಯ್ದಾಗ ತಗ್ಗುಗಳ ಆಳ ಒಂದು ಮಿಲಿಮೀಟರನ್ನೂ ಮುಟ್ಟುವುದು ಅಪರೂಪ. ಕೋಣೆಯ ದೀಪಕ್ಕೆ ಅಷ್ಟು ಸಣ್ಣ ತಗ್ಗಿನಲ್ಲಿ ಕಣ್ಣಿಗೆ ನಾಟುವಂಥ ನೆರಳನ್ನು ಮೂಡಿಸಲಾಗದು. ಹೀಗಾಗಿ ನೆರಳು, ಬೆಳಕು ಎರಡನ್ನೂ ನಾವೇ ಬಣ್ಣದಲ್ಲಿ ಬರೆಯಬೇಕಾಗುತ್ತದೆ. ನೀವು ಮೈಯೆಲ್ಲ ಅಚ್ಚ ಕಪ್ಪು ಬಳಿದಿರುವುದರಿಂದ ಅದಕ್ಕಿಂತ ಕಪ್ಪಾದ ನೆರಳಿಗೆ ಜಾಗವೇ ಉಳಿದಿಲ್ಲ.

ಕಪ್ಪು ಕವಚಕ್ಕೆ ತಳದ ಬಣ್ಣವಾಗಿ ಗಾಢ ಬೂದು ಇರಲಿ. ಅದಕ್ಕೆ ತುಸು ನೀಲಿ ಬೆರೆಸಿದರೆ ಖಳನು ಯಂತ್ರದಂತೆ ತಣ್ಣಗೆ, ನಿರ್ದಯವಾಗಿ ಕಾಣುತ್ತಾನೆ; ಕಂದು ಬೆರೆಸಿದರೆ ಹೊಗೆ ಹಿಡಿದ, ಹಲವು ಯುದ್ಧಗಳಲ್ಲಿ ಸವೆದ ಕವಚದ ಕಳೆ ಬರುತ್ತದೆ. ಇವೆರಡರಲ್ಲಿ ಒಂದನ್ನು ಆರಿಸಿಕೊಂಡು ಹನ್ನೆರಡಕ್ಕೂ ಅದನ್ನೇ ಬಳಸಿ. ಒಂದೇ ಪಡೆಯವರು ಎನ್ನಿಸುವುದಕ್ಕೆ ಲಾಂಛನಕ್ಕಿಂತ ಇದೇ ಹೆಚ್ಚು ನೆರವಾಗುತ್ತದೆ. ತಳದ ಬಣ್ಣ ಪೂರ್ತಿ ಒಣಗಿದ ಮೇಲೆ ಕಪ್ಪು ವಾಶ್ ಅನ್ನು, ಅಂದರೆ ತಗ್ಗುಗಳಿಗೆ ಹರಿದು ಕೂರುವಂತೆ ನೀರಾಗಿಸಿದ ಬಣ್ಣವನ್ನು, ಕವಚದ ಬೆಸುಗೆಗಳಲ್ಲಿ, ಮೊಣಕಾಲಿನ ಹಿಂದೆ, ಕುತ್ತಿಗೆಯ ಸಂದಿನಲ್ಲಿ ಮಾತ್ರ ಹರಿಯಬಿಡಿ. ಅಚ್ಚ ಕಪ್ಪಿನ ಸ್ಥಳ ಅದು.

ಇನ್ನು ಅಂಚುಗಳು. ಬೋರ್ಡಿನ ಆಚೆ ಬದಿಯಲ್ಲಿ ಕುಳಿತವರು ಖಳನನ್ನು ಗುರುತಿಸುವುದು ಅಂಚುಗಳಿಂದಲೇ ಆದ್ದರಿಂದ ಈ ಕೆಲಸಕ್ಕೆ ಬಿಡುವು ಮಾಡಿಕೊಳ್ಳಿ. ನಡು ಬೂದು ಬಣ್ಣವನ್ನು ನೀರಿನಲ್ಲಿ ತುಸು ತೆಳುಗೊಳಿಸಿ, ಕುಂಚದ ತುದಿಯ ಬದಲು ಅದರ ಪಕ್ಕವನ್ನು ಶಿರಸ್ತ್ರಾಣ, ಭುಜ, ಮೊಣಕಾಲುಗಳ ಅಂಚಿಗೆ ಸವರುತ್ತಾ ಹೋಗಿ. ಗೆರೆ ತಾನಾಗಿಯೇ ಸಣ್ಣಗೆ ಮೂಡುತ್ತದೆ. ಆಮೇಲೆ ಬೆಳ್ಳನೆಯ ಬೂದನ್ನು ಮೇಲ್ಮುಖದ ಮೂಲೆಗಳಿಗೆ ಮಾತ್ರ ಇಡಿ. ಎಲ್ಲ ಅಂಚಿಗೂ ಒಂದೇ ಹೊಳಪು ಕೊಟ್ಟರೆ ಬೊಂಬೆ ತಂತಿಯ ಗೂಡಿನಂತಾಗುತ್ತದೆ. ಇದಕ್ಕೆಂದು ಅತಿ ಸಣ್ಣ ಕುಂಚ ಕೊಳ್ಳುವ ಆಸೆ ಬಹಳ ಜನರಿಗಿದೆ, ನನಗೂ ಇತ್ತು. ಅಂಥ ಕುಂಚದಲ್ಲಿ ಬಣ್ಣ ನಿಲ್ಲುವುದೇ ಕಡಿಮೆ, ನಿಂತದ್ದೂ ಬೊಂಬೆಗೆ ತಾಗುವ ಮೊದಲೇ ಒಣಗುತ್ತದೆ. ಮೊನೆ ಚೂಪಾಗಿರುವ 1ನೇ ಸಂಖ್ಯೆಯ ಕುಂಚವೊಂದಿದ್ದರೆ ಸಾಕು.

ಕೆಂಪು ಬಣ್ಣದ ವಿಷಯದಲ್ಲಿ ನೀವು ಉದಾರಿಗಳಾಗಿದ್ದೀರಿ. ಕಣ್ಣು, ಎದೆ, ಭುಜ ಮೂರೂ ಕೂಗಿದರೆ ನೋಡುವವರ ದೃಷ್ಟಿ ಎಲ್ಲಿಯೂ ನಿಲ್ಲುವುದಿಲ್ಲ. ಕೆಂಪನ್ನು ಕಣ್ಣಿಗೆ ಮೀಸಲಿಟ್ಟು, ಲಾಂಛನವನ್ನು ಮಾಸಿದ ಮೂಳೆಯ ಬಣ್ಣಕ್ಕೆ ಇಳಿಸಿ. ಕಣ್ಣಿನ ಗಾಜಿಗೆ ಮೊದಲು ಕಪ್ಪುಗೆಂಪು ತುಂಬಿ, ಕೆಳಗಿನ ಅರ್ಧಕ್ಕೆ ಉಜ್ವಲ ಕೆಂಪು, ತೀರಾ ಕೆಳ ಅಂಚಿಗೆ ಕಿತ್ತಳೆ ಕೊಡಿ. ಕೊನೆಗೆ ಮೇಲಿನ ಗಾಢ ಭಾಗದ ಮೂಲೆಯಲ್ಲಿ ಒಂದೇ ಒಂದು ಬಿಳಿ ಚುಕ್ಕೆ ಇಡಿ. ಗಾಜಿನೊಳಕ್ಕೆ ಮೇಲಿನಿಂದ ಹೊಕ್ಕ ಬೆಳಕು ಎದುರು ಬದಿಯನ್ನು ಬೆಳಗುವುದರಿಂದ ಈ ಕ್ರಮ ತಲೆಕೆಳಗಾದಂತೆ ತೋರಿದರೂ ಸರಿಯಾದದ್ದೇ. ಖಳರ ಕಣ್ಣು ಕೆಂಪಗೇ ಇರಬೇಕೆಂಬ ಕಟ್ಟಳೆಯೇನೂ ಇಲ್ಲ. ನೀಲಿಗಪ್ಪಿನ ಕವಚಕ್ಕೆ ಹುಳಿಹಳದಿ ಕಣ್ಣು ಇನ್ನಷ್ಟು ಅಶುಭವಾಗಿ ಕಾಣುತ್ತದೆ ಎಂಬುದು ನನ್ನ ಅಭಿಪ್ರಾಯ.

ಕತ್ತಿ, ಕೊಳವೆಗಳಿಗೆ ಲೋಹದ ಬಣ್ಣ ಬಳಸಿದರೆ ಕುಂಚ ತೊಳೆದ ನೀರನ್ನು ಚೆಲ್ಲಿ ಬೇರೆ ನೀರು ಇಟ್ಟುಕೊಳ್ಳಿ. ಆ ಬಣ್ಣದಲ್ಲಿರುವ ಹೊಳೆಯುವ ಪುಡಿ ಹಳೆಯ ನೀರಿನ ಮೂಲಕ ಉಳಿದ ಬಣ್ಣಗಳಿಗೂ ಅಂಟಿ, ಮಂಕಾಗಿರಬೇಕಾದ ಕಪ್ಪಿನಲ್ಲೂ ಮಿಂಚತೊಡಗುತ್ತದೆ.

ಮುಗಿಸಿರುವ ಮೂರರ ಬಣ್ಣ ಕಿತ್ತುಹಾಕುವ ಅಗತ್ಯವಿಲ್ಲ. ಕುಂಚಕ್ಕೆ ಬೂದು ಬಣ್ಣ ಹಚ್ಚಿ, ಅದನ್ನು ಕಾಗದಕ್ಕೆ ಒರೆಸಿ ಬಹುಪಾಲು ತೆಗೆದು, ಉಳಿದ ಪಸೆಯನ್ನು ಮೇಲಿನಿಂದ ಕೆಳಕ್ಕೆ ಹಗುರವಾಗಿ ಉಜ್ಜಿರಿ. ಉಬ್ಬುಗಳು ಎದ್ದು ಬರುತ್ತವೆ. ಅಲ್ಲಿಂದ ಅಂಚಿನ ಕೆಲಸ ಮುಂದುವರಿಸಬಹುದು.

ಪ್ರಶ್ನೆ: ಬಾಗುವ ಪ್ಲಾಸ್ಟಿಕ್ಕಿನ ಬೊಂಬೆಗೆ ಸ್ಪ್ರೇ ಪ್ರೈಮರ್ (ಬಣ್ಣ ಹಿಡಿಯಲೆಂದು ಮೊದಲು ಕೊಡುವ ತಳಪದರ) ಹೊಡೆದು ವಾರವಾದರೂ ಅಂಟು ಬಿಟ್ಟಿಲ್ಲ. ಖಳನ ಕತ್ತಿಯೂ ಪೆಟ್ಟಿಗೆಯಲ್ಲೇ ಬಾಗಿತ್ತು. ಏನು ಮಾಡಲಿ?

ಉತ್ತರ: ಇಂಥ ಬೊಂಬೆಗಳಿಗೆ ಬಳಸುವ ಪಿವಿಸಿ ಎಂಬ ಮೆತ್ತನೆಯ ಪ್ಲಾಸ್ಟಿಕ್ಕಿನಲ್ಲಿ ಅದನ್ನು ಮೆತ್ತಗಾಗಿಸುವ ರಾಸಾಯನಿಕವಿರುತ್ತದೆ. ಕೆಲವು ಸ್ಪ್ರೇಗಳ ದ್ರಾವಕ ಅದರೊಡನೆ ಬೆರೆತರೆ ಪದರ ಗಟ್ಟಿಯಾಗದೆ ಅಂಟಂಟಾಗಿಯೇ ಉಳಿಯುತ್ತದೆ. ಮುಂದಿನ ಬೊಂಬೆಗಳನ್ನು ಉಗುರುಬೆಚ್ಚಗಿನ ಸೋಪುನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೊಳೆದು, ಅಚ್ಚಿನ ಜಿಡ್ಡು ಹೋದ ಮೇಲೆ, ನೀರಿನಲ್ಲಿ ಕರಗುವ ಪ್ರೈಮರನ್ನು ಕುಂಚದಿಂದ ತೆಳುವಾಗಿ ಹಚ್ಚಿ. ಕತ್ತಿಯನ್ನು ಬಣ್ಣ ಹಚ್ಚುವ ಮೊದಲೇ ಸರಿಪಡಿಸಬೇಕು: ಬಿಸಿನೀರಿನಲ್ಲಿ ಕೆಲವು ಸೆಕೆಂಡು ಅದ್ದಿ, ನೇರ ಮಾಡಿ ಹಿಡಿದುಕೊಂಡೇ ತಣ್ಣೀರಿಗೆ ಹಾಕಿ. ಬೆರಳು ಸುಟ್ಟುಕೊಳ್ಳದಿರಲು ಚಿಮುಟ ಬಳಸಿ.

ಪ್ರಶ್ನೆ: ಬಣ್ಣ ಕಾಪಾಡಲೆಂದು ಮ್ಯಾಟ್ (ಹೊಳಪಿಲ್ಲದ) ವಾರ್ನಿಷ್ ಸ್ಪ್ರೇ ಮಾಡಿದ ಮೇಲೆ ಕಪ್ಪು ಕವಚ ಬೂದಿ ಬಳಿದಂತೆ ಬೆಳ್ಳಗಾಯಿತು. ಉಳಿಸಬಹುದೇ?

ಉತ್ತರ: ಬಹುಮಟ್ಟಿಗೆ ಉಳಿಸಬಹುದು. ಗಾಳಿಯಲ್ಲಿ ತೇವ ಹೆಚ್ಚಿದ್ದಾಗ ಅಥವಾ ಒಂದೇ ಸಲಕ್ಕೆ ದಪ್ಪವಾಗಿ ಹೊಡೆದಾಗ ಹೀಗಾಗುತ್ತದೆ. ಹೊಳಪಿನ ವಾರ್ನಿಷನ್ನು ಕುಂಚದಿಂದ ಒಮ್ಮೆ ಹಚ್ಚಿದರೆ ಸಾಮಾನ್ಯವಾಗಿ ಮಂಜು ತಿಳಿಯಾಗುತ್ತದೆ. ಅದು ಒಣಗಿದ ಮೇಲೆ ಮ್ಯಾಟ್ ವಾರ್ನಿಷನ್ನು ಕುಂಚದಿಂದಲೇ ತೆಳುವಾಗಿ ಕೊಡಿ, ಕಣ್ಣಿನ ಗಾಜನ್ನು ಮಾತ್ರ ಹಾಗೆಯೇ ಹೊಳೆಯಲು ಬಿಡಿ.