ಓದುಗರ ಪ್ರಶ್ನೆ, ನಮ್ಮ ಉತ್ತರ: ಕ್ರೀಟ್ ದ್ವೀಪದಲ್ಲಿ ಹೂವಿನ ಹತ್ತು ದಿನ

ಪ್ರಶ್ನೆ: ನಾನು ಸಸ್ಯಶಾಸ್ತ್ರ ಪಾಠ ಮಾಡಿ ನಿವೃತ್ತಳಾದವಳು. ಮಗಳು ಜರ್ಮನಿಯಲ್ಲಿದ್ದಾಳೆ, ಬರುವ ವಸಂತಕ್ಕೆ ನಾನು ಮತ್ತು ಯಜಮಾನರು ಅವಳ ಮನೆಗೆ ಹೋಗುತ್ತಿದ್ದೇವೆ. ಅಲ್ಲಿಂದ ಒಂದು ಹತ್ತು ದಿನ ಮೆಡಿಟರೇನಿಯನ್ ಕಡಲತೀರದಲ್ಲಿ ಎಲ್ಲಾದರೂ ಇದ್ದು ಕಾಡುಹೂಗಳನ್ನು ನೋಡಬೇಕು ಅಂತ ಬಹಳ ದಿನದ ಆಸೆ. ದಿನಕ್ಕೊಂದು ಊರು ಓಡುವ ಪ್ಯಾಕೇಜ್ ಟೂರ್ ಬೇಡವೇ ಬೇಡ. ಯಾವ ಊರು, ಯಾವ ತಿಂಗಳು ಒಳ್ಳೆಯದು? (ಶಿವಮೊಗ್ಗದಿಂದ)

ಉತ್ತರ: ಮೇಡಂ, ಗ್ರೀಸಿನ ಕ್ರೀಟ್ ದ್ವೀಪಕ್ಕೆ ಹೋಗಿ. ಏಪ್ರಿಲ್ ಎರಡನೇ ವಾರದಿಂದ ತಿಂಗಳ ಕೊನೆಯವರೆಗೆ.

ಕಾರಣ ಹೇಳುತ್ತೇನೆ. ನಮಗೆ ಮಳೆ ಅಂದರೆ ಜೂನ್. ಅಲ್ಲಿ ಮಳೆ ಬೀಳುವುದು ಚಳಿಗಾಲದಲ್ಲಿ, ಹೆಚ್ಚುಕಡಿಮೆ ಅಕ್ಟೋಬರಿನಿಂದ ಮಾರ್ಚ್ ತನಕ. ಜೂನ್ ಬಂತು ಅಂದರೆ ನೆಲವೆಲ್ಲ ಒಣಗಿ ಕಂದು ಬಣ್ಣ. ಅದಕ್ಕೇ ಅಲ್ಲಿನ ಗಿಡಗಳು ಚಳಿಗಾಲದ ನೀರು ಕುಡಿದು, ವಸಂತದಲ್ಲಿ ಹೂಬಿಟ್ಟು, ಬಿಸಿಲು ಏರುವ ಮೊದಲೇ ಬೀಜ ಉದುರಿಸಿ ಕೆಲಸ ಮುಗಿಸುತ್ತವೆ. ಎಷ್ಟೋ ಗಿಡ ಬೇಸಿಗೆ ಪೂರ್ತಿ ಬರೀ ಗಡ್ಡೆಯಾಗಿ ಮಣ್ಣೊಳಗೆ ಮಲಗಿರುತ್ತವೆ. ಹಾಗಾಗಿ ಹೂವಿನ ಕಾಲ ಚಿಕ್ಕದು, ಆದರೆ ಆ ಕೆಲವು ವಾರ ರಸ್ತೆ ಬದಿಯೂ ಬಿಡದೆ ಹೂವೇ ಹೂವು.

ಇನ್ನೊಂದು ಕಾರಣ, ನನಗೆ ಮುಖ್ಯ ಅನಿಸುವುದು, ಎತ್ತರ. ಕ್ರೀಟ್ ಸುಮಾರು 260 ಕಿಲೋಮೀಟರ್ ಉದ್ದದ ದ್ವೀಪ, ಅದರ ಬೆನ್ನಿಗೆ ಪ್ಸಿಲೋರಿಟಿಸ್‌ನಂಥ 2456 ಮೀಟರ್ ಬೆಟ್ಟ. ವಸಂತ ಅಲ್ಲಿ ಕಡಲಿನಿಂದ ಶುರುವಾಗಿ ಮೆಲ್ಲಗೆ ಬೆಟ್ಟ ಹತ್ತುತ್ತದೆ. ಅನಿಮೋನಿ ಹೂಗಳು ತೀರದಲ್ಲಿ ಮಾರ್ಚಿಗೇ ಮುಗಿಯುತ್ತಾ ಬಂದಿರುತ್ತವೆ. ಏಪ್ರಿಲಿನಲ್ಲಿ 700 ಮೀಟರ್ ಎತ್ತರದ ಬಯಲಲ್ಲಿ ಆರ್ಕಿಡ್ ಮತ್ತು ಟ್ಯೂಲಿಪ್. ಮೇಲೆ ಹಿಮ ಕರಗುವ ಅಂಚಿನಲ್ಲಿ ಪುಟ್ಟ ಕ್ರೋಕಸ್ ಆಗಷ್ಟೇ ಕಣ್ಣು ಬಿಡುತ್ತಿರುತ್ತದೆ. ನೀವು ಊರಿಂದ ಊರಿಗೆ ಓಡಬೇಕಾಗಿಲ್ಲ. ಒಂದೇ ಮನೆಯಲ್ಲಿದ್ದು ಒಂದು ದಿನ ಕೆಳಗೆ, ಒಂದು ದಿನ ಮೇಲೆ ಹೋದರೆ ಸಾಕು, ಬೇರೆ ಬೇರೆ ವಾರಗಳ ಹೂ ಸಿಗುತ್ತದೆ. ನಾನು ಮೊದಲ ಸಲ ಹೋದಾಗ ಇದು ಗೊತ್ತಿರಲಿಲ್ಲ, ಆರು ದಿನದಲ್ಲಿ ಇಡೀ ದ್ವೀಪ ಸುತ್ತಲು ಹೋಗಿ ಕಾರಿನ ಕಿಟಕಿಯಿಂದ ಬಣ್ಣ ನೋಡಿದೆ, ಹೂ ನೋಡಲಿಲ್ಲ. ಎರಡನೇ ಸಲ ಒಂದೇ ಹಳ್ಳಿಯಲ್ಲಿ ಉಳಿದೆ. ದಿನವೂ ಅದೇ ಕಾಲುದಾರಿ. ನಿನ್ನೆ ಮೊಗ್ಗಾಗಿದ್ದದ್ದು ಇವತ್ತು ಅರಳಿರುವುದನ್ನು ನೋಡುವ ಖುಷಿ ಬೇರೆಯೇ.

ಉಳಿಯಲು ದಕ್ಷಿಣ ತೀರದ ಪ್ಲಾಕಿಯಾಸ್ ಆಗಬಹುದು, ಅಥವಾ ಸ್ವಲ್ಪ ಮೇಲಿನ ಸ್ಪಿಲಿ. ಕಡಲೂ ಬೇಕು ಅಂದರೆ ಪ್ಲಾಕಿಯಾಸ್. ಸ್ಪಿಲಿ ಬೆಟ್ಟದ ಬುಡದ ಊರು, ಊರ ನಡುವೆ ಸಾಲು ಸಿಂಹದ ಬಾಯಿಂದ ನೀರು ಬೀಳುವ ಹಳೆಯ ಕಾರಂಜಿ ಇದೆ. ಅಲ್ಲಿಂದ ಗೆರಾಕಾರಿಗೆ ಹೋಗುವ ರಸ್ತೆಯಲ್ಲಿ ಗಿಯುಸ್ ಕಾಂಬೋಸ್ ಅನ್ನುವ ಬಯಲು ಸಿಗುತ್ತದೆ. ಯುರೋಪಿನ ಹೂಪ್ರಿಯರೆಲ್ಲ ಏಪ್ರಿಲಿನಲ್ಲಿ ಸೇರುವ ಜಾಗ ಅದು. ಹೊಲದ ಬೆಳೆಯ ನಡುವೆಯೇ ಕೆಂಪು ಕಾಡು ಟ್ಯೂಲಿಪ್ ನಿಂತಿರುತ್ತವೆ, ನಮ್ಮ ಅಂಗಡಿ ಟ್ಯೂಲಿಪ್ಪಿಗಿಂತ ಸಣ್ಣವು, ತೆಳ್ಳಗಿನವು, ಬಿಸಿಲು ಬಿದ್ದರೆ ಮಾತ್ರ ಪೂರ್ತಿ ಬಿಚ್ಚಿಕೊಳ್ಳುತ್ತವೆ. ಅದಕ್ಕೇ ಬೆಳಿಗ್ಗೆ ಎದ್ದ ತಕ್ಷಣ ಓಡಬೇಡಿ. ಹತ್ತು ಗಂಟೆ ಮೇಲೆ ಹೋಗಿ.

ಸುತ್ತಲಿನ ಕಲ್ಲುಗುಡ್ಡದಲ್ಲಿ ಆರ್ಕಿಡ್. ನಮ್ಮ ಮಲೆನಾಡಿನ ಸೀತಾಳೆ ದಂಡೆ ಮರದ ಮೇಲಿರುತ್ತದೆ, ಕತ್ತೆತ್ತಿ ನೋಡುತ್ತೇವೆ. ಅಲ್ಲಿನವು ನೆಲದಲ್ಲಿ ಗೇಣುದ್ದ, ಮಂಡಿಯೂರಿ ನೋಡಬೇಕು. ಅವುಗಳಲ್ಲಿ ಓಫ್ರಿಸ್ ಜಾತಿಯದನ್ನು ಮಾತ್ರ ದಯವಿಟ್ಟು ಭೂತಗನ್ನಡಿ ಹಿಡಿದು ನೋಡಿ. ಹೂವಿನ ಕೆಳ ಎಸಳು ಥೇಟ್ ಹೆಣ್ಣು ಜೇನ್ನೊಣದ ಮೈ ಹಾಗೆ, ರೋಮ ಸಮೇತ. ವಾಸನೆಯೂ ಹೆಣ್ಣು ನೊಣದ್ದೇ. ಗಂಡು ನೊಣಗಳು ಹೆಣ್ಣಿಗಿಂತ ಮೊದಲು ಗೂಡಿನಿಂದ ಹೊರಬರುತ್ತವೆ, ಆ ಹೊತ್ತಿಗೆ ಈ ಹೂ ಅರಳಿರುತ್ತದೆ, ನೊಣ ಬಂದು ಕೂಡಲು ನೋಡುತ್ತದೆ, ಪರಾಗದ ಗಂಟು ಅದರ ಮೈಗೆ ಅಂಟುತ್ತದೆ. ಮಕರಂದದ ಒಂದು ಹನಿಯೂ ಇಲ್ಲದೆ ಕೆಲಸ ಆಗಿಹೋಯಿತು! ನೀವು ತರಗತಿಯಲ್ಲಿ ಎಷ್ಟೋ ಸಲ ಹೇಳಿರುತ್ತೀರಿ, ಕಣ್ಣಾರೆ ನೋಡಿದರೆ ಬೇರೆ, ಅಲ್ವಾ?

ತಗ್ಗಿನ ಆಲಿವ್ ತೋಟಗಳಲ್ಲಿ ಕೆಂಪು ಗಸಗಸೆ ಹೂ, ಹಳದಿ ಕಾಡು ಸೇವಂತಿಗೆ. ತೋಟದ ಅಂಚಿನಲ್ಲಿ ಹಠಾತ್ತನೆ ಕೊಳೆತ ಮಾಂಸದ ನಾತ ಬಂದರೆ ಹೆದರಬೇಡಿ, ಸತ್ತ ಪ್ರಾಣಿ ಇರಲಾರದು, ಡ್ರಾಗನ್ ಆರಮ್ ಅರಳಿರುತ್ತದೆ. ಕಡುನೇರಳೆ ಬಣ್ಣದ ಮೊಳದುದ್ದದ ಹೂ, ನೊಣಗಳನ್ನು ಕರೆಯಲು ಆ ನಾತ. ನಮ್ಮ ಸುವರ್ಣಗಡ್ಡೆಯ ಕುಟುಂಬದ್ದೇ, ಉಪಾಯವೂ ಅದೇ.

ವೀಸಾ ಬಗ್ಗೆ ಒಂದು ಮಾತು. ಜಾಸ್ತಿ ದಿನ ಎಲ್ಲಿ ಇರುತ್ತೀರೋ ಆ ದೇಶದ ಷೆಂಗೆನ್ ವೀಸಾಕ್ಕೆ ಅರ್ಜಿ ಹಾಕಬೇಕು. ನಿಮಗೆ ಅದು ಜರ್ಮನಿ. ಅದರಲ್ಲೇ ಗ್ರೀಸಿಗೂ ಹೋಗಿಬರಬಹುದು.

ಪ್ರಶ್ನೆ: ಕ್ರೀಟ್‌ನಲ್ಲಿ ಕಾಡುಪ್ರಾಣಿ, ಪಕ್ಷಿ ಏನೇನು ಕಾಣುತ್ತವೆ? ಕ್ರಿ ಕ್ರಿ ಅನ್ನುವ ಕಾಡು ಮೇಕೆ ನೋಡಲು ಏಪ್ರಿಲಿನಲ್ಲಿ ಸಮಾರಿಯಾ ಕಣಿವೆಗೆ ಹೋಗಬಹುದಾ? (ಧಾರವಾಡದಿಂದ)

ಉತ್ತರ: ಸಮಾರಿಯಾ ಸಾಮಾನ್ಯವಾಗಿ ತೆರೆಯುವುದೇ ಮೇ ತಿಂಗಳಲ್ಲಿ. ಚಳಿಗಾಲದಲ್ಲಿ ನೀರು, ಉರುಳುವ ಕಲ್ಲು ಜಾಸ್ತಿ ಅಂತ ಮುಚ್ಚಿರುತ್ತಾರೆ. ಕ್ರಿ ಕ್ರಿ ಇರುವುದು ಹೆಚ್ಚಾಗಿ ಅಲ್ಲೇ. ಸಾವಿರಾರು ವರ್ಷದ ಹಿಂದೆ ಮನುಷ್ಯರು ದೋಣಿಯಲ್ಲಿ ತಂದ ಆಡುಗಳು ಬೆಟ್ಟ ಸೇರಿ ಕಾಡಾಡುಗಳಾದವು ಅಂತ ವಿಜ್ಞಾನಿಗಳು ಹೇಳುತ್ತಾರೆ. ಅದೊಂದಕ್ಕಾಗಿಯೇ ದಿನ ಬದಲಿಸಬೇಡಿ.

ಏಪ್ರಿಲಿನಲ್ಲಿ ಅಲ್ಲಿ ಪಕ್ಷಿಗಳದ್ದೇ ಸಂಭ್ರಮ. ಆಫ್ರಿಕಾದಿಂದ ಯುರೋಪಿಗೆ ಹೊರಟ ಹಕ್ಕಿಗಳು ಲಿಬಿಯಾ ತೀರ ಬಿಟ್ಟರೆ ಸುಮಾರು 300 ಕಿಲೋಮೀಟರ್ ಬರೀ ಕಡಲು ದಾಟಬೇಕು. ಎದುರಿಗೆ ಸಿಗುವ ಮೊದಲ ನೆಲ ಕ್ರೀಟ್‌ನ ದಕ್ಷಿಣ ತೀರ. ಸುಸ್ತಾಗಿ ಬಂದು ಪೊದೆಗಳಲ್ಲಿ ಇಳಿಯುತ್ತವೆ. ಬೆಳಿಗ್ಗೆ ಒಂದು ಹಳ್ಳದ ಬಾಯಲ್ಲಿ ಸುಮ್ನೆ ಕೂತರೆ ಚಂದ್ರಮುಕುಟ, ಕೀಟ ಹಿಡಿಯುವ ಪುಟ್ಟ ಹಕ್ಕಿಗಳು, ತಿಂಗಳ ಕೊನೆಗೆ ಬಣ್ಣಬಣ್ಣದ ಕಳ್ಳಿಪೀರಗಳ ಗುಂಪು ಕೂಗುತ್ತಾ ದಾಟುವುದು ಎಲ್ಲ ಕಾಣಬಹುದು. ಹನಿಯಾ ಪಟ್ಟಣದ ಹತ್ತಿರ ಆಗಿಯಾ ಕೆರೆ ಇದೆ, ಅಲ್ಲಿ ನಮ್ಮ ಕೊಳದಬಕದ ಹತ್ತಿರದ ನೆಂಟ ಸ್ಕ್ವಾಕೊ ಬಕ ಬಂದಿಳಿಯುತ್ತದೆ. ಮಡಗಾಸ್ಕರಿನಲ್ಲಿ ಚಳಿಗಾಲ ಕಳೆದ ಎಲಿಯೊನೊರಾ ಚಾಣವೂ ಸರಿಸುಮಾರು ಆಗಲೇ ವಾಪಸ್ಸು.

ನನ್ನ ಮನಸ್ಸಲ್ಲಿ ಉಳಿದಿರುವುದು ಮಾತ್ರ ರಣಹದ್ದು. ಪ್ಲಾಕಿಯಾಸಿಗೆ ಹತ್ತಿರದ ಕೂರ್ತಾಲಿಯೋಟಿಕೋ ಕಣಿವೆಯಲ್ಲಿ ರಸ್ತೆ ಬದಿ ನಿಂತರೇ ಗ್ರಿಫನ್ ರಣಹದ್ದುಗಳು ತಲೆಮೇಲೆ ತೇಲುತ್ತವೆ. ಇನ್ನೂ ಅದೃಷ್ಟ ಇದ್ದರೆ ಮೂಳೆ ತಿನ್ನುವ ಗಡ್ಡದ ರಣಹದ್ದು, ದೊಡ್ಡ ಮೂಳೆಯನ್ನು ಬಂಡೆ ಮೇಲೆ ಬೀಳಿಸಿ ಒಡೆಯುವ ಹಕ್ಕಿ. ರಾಮನಗರದ ರಾಮದೇವರ ಬೆಟ್ಟದಲ್ಲಿ 2012ರಲ್ಲಿ ರಣಹದ್ದು ಧಾಮ ಆದ ಮೇಲೆ ನಾನು ಎಷ್ಟು ಸಲ ಹೋಗಿ ಖಾಲಿ ಆಕಾಶ ನೋಡಿ ಬಂದಿದ್ದೇನೋ. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ನೋವಿನ ಔಷಧಿ ನಮ್ಮ ದೇಶದ ರಣಹದ್ದುಗಳನ್ನು ಹಾಗೆ ಅಳಿಸಿಹಾಕಿತು. ಕ್ರೀಟ್‌ನಲ್ಲಿ ಒಂದೇ ಸಲ ಹದಿನಾಲ್ಕು ಎಣಿಸಿದಾಗ ಸಂತೋಷಕ್ಕಿಂತ ಸಂಕಟವೇ ಜಾಸ್ತಿ ಆಯಿತು.

ಕಡಲಾಮೆ ನೋಡುವ ಆಸೆಯಿದ್ದರೆ ಅದು ಬೇಸಿಗೆಯ ಮಾತು, ರೆಥಿಮ್ನೋ ತೀರದಲ್ಲಿ ಮೊಟ್ಟೆ ಇಡುವುದು ಏಪ್ರಿಲ್ ದಾಟಿದ ಮೇಲೆ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ. ಅವಲಕ್ಕಿ, ಚಟ್ನಿಪುಡಿ ಕಟ್ಟಿಕೊಂಡೇ ಹೋಗಬೇಕಾ? (ಬೆಂಗಳೂರಿನಿಂದ)

ಉತ್ತರ: ಚಟ್ನಿಪುಡಿ ಒಯ್ಯಿರಿ, ಆದರೆ ಉಪವಾಸ ಬೀಳುವುದಿಲ್ಲ. ಅಲ್ಲಿನವರು ಹೊರ್ತಾ ಅಂತ ಮಾಡುತ್ತಾರೆ, ಗುಡ್ಡದಲ್ಲಿ ಕಿತ್ತು ತಂದ ಹತ್ತಾರು ಬಗೆಯ ಸೊಪ್ಪು ಬೇಯಿಸಿ, ಆಲಿವ್ ಎಣ್ಣೆ, ನಿಂಬೆಹುಳಿ ಹಾಕಿ ಕೊಡುತ್ತಾರೆ. ನಮ್ಮ ಬೆರಕೆ ಸೊಪ್ಪೇ ಅದು. ಬಾರ್ಲಿ ರಸ್ಕಿನ ಮೇಲೆ ಟೊಮೇಟೊ, ಚೀಸ್ ಹಾಕುವ ಡಾಕೋಸ್, ದಪ್ಪ ಬಿಳಿ ಅವರೆಯಂಥ ಕಾಳಿನ ಗಿಗಾಂಟೆಸ್, ಬೇಳೆ ಅರೆದ ಫಾವಾ ಎಲ್ಲ ಕಡೆ ಸಿಗುತ್ತವೆ.

ಈಸ್ಟರಿಗೆ ಮುಂಚಿನ ವಾರಗಳಲ್ಲಿ ಹೋದರೆ ಇನ್ನೂ ಅನುಕೂಲ. ಆಗ ಅವರಿಗೆ ವ್ರತ, ಮಾಂಸ, ಮೊಟ್ಟೆ, ಹಾಲು ಬಿಟ್ಟಿರುತ್ತಾರೆ. ಅಂಥ ಅಡುಗೆಗೆ ನಿಸ್ಟೀಸಿಮೋ ಅಂತ ಹೆಸರು. ಒಂದು ಎಚ್ಚರ: ಆಕ್ಟೋಪಸ್, ಸ್ಕ್ವಿಡ್, ಸೀಗಡಿ ಅವರ ವ್ರತದಲ್ಲಿ ನಡೆಯುತ್ತದೆ. ಹಾಗಾಗಿ ವ್ರತದ ಊಟ ಅಂದ ಕೂಡಲೇ ಕಣ್ಣುಮುಚ್ಚಿ ತಿನ್ನಬೇಡಿ, ಕೇಳಿ. 'ಹೋರಿಸ್ ಕ್ರೇಯಾಸ್' ಅಂದರೆ ಮಾಂಸ ಬೇಡ ಅಂತ, 'ಹೋರಿಸ್ ಪ್ಸಾರಿ' ಅಂದರೆ ಮೀನು ಬೇಡ ಅಂತ. ಆರ್ಥಡಾಕ್ಸ್ ಈಸ್ಟರ್ 2027ರಲ್ಲಿ ಮೇ 2ಕ್ಕೆ, 2028ರಲ್ಲಿ ಏಪ್ರಿಲ್ 16ಕ್ಕೆ. ಆ ಭಾನುವಾರ ಮನೆಮನೆಯ ಅಂಗಳದಲ್ಲಿ ಇಡೀ ಕುರಿ ಸುಡುತ್ತಾರೆ, ನೋಡಲಾಗದವರು ಆವತ್ತು ಬುತ್ತಿ ಕಟ್ಟಿಕೊಂಡು ಗುಡ್ಡಕ್ಕೆ ಹೋಗಿ. ಬಸ್ಸೂ ಆವತ್ತು ಕಡಿಮೆ.

ಪ್ರಶ್ನೆ: ಅಲ್ಲಿಂದ ಒಂದೆರಡು ಆರ್ಕಿಡ್ ಗಡ್ಡೆ ತಂದು ಕೈತೋಟದಲ್ಲಿ ನೆಡಬಹುದಾ? (ಉಡುಪಿಯಿಂದ)

ಉತ್ತರ: ಖಂಡಿತ ಬೇಡ. ಕಾಡು ಆರ್ಕಿಡ್ ಗಡಿ ದಾಟಿಸುವುದಕ್ಕೆ ಅಂತರರಾಷ್ಟ್ರೀಯ ಕಾನೂನಿನ ನಿರ್ಬಂಧ ಇದೆ. ಅದಿರಲಿ, ತಂದರೂ ಬದುಕುವುದಿಲ್ಲ. ಆ ಮಣ್ಣಿನ ಶಿಲೀಂಧ್ರದ ಜೊತೆ ಸೇರಿಯೇ ಅದು ಬೆಳೆಯುವುದು, ಮೇಲಾಗಿ ಅದಕ್ಕೆ ಬೇಸಿಗೆಯಲ್ಲಿ ಒಣ ನೆಲ ಬೇಕು, ಉಡುಪಿಯ ಜೂನ್ ಮಳೆಗೆ ಒಂದೇ ವಾರದಲ್ಲಿ ಕೊಳೆಯುತ್ತದೆ. ಫೋಟೋ ತೆಗೆಯಿರಿ. ಅದಕ್ಕೆ ಮಲಗುವಾಗಲೂ ಪಕ್ಕದ ಮೊಗ್ಗು ಅಪ್ಪಚ್ಚಿ ಆಗದ ಹಾಗೆ ನೋಡಿಕೊಳ್ಳಿ.

ಪ್ರಶ್ನೆ: ನನಗೆ ಮಂಡಿನೋವು, ಹಾವಿನ ಭಯವೂ ಇದೆ. ನನ್ನಂಥವರಿಗೆ ಆಗುತ್ತಾ? (ಮೈಸೂರಿನಿಂದ)

ಉತ್ತರ: ಆಗುತ್ತದೆ ಅಮ್ಮ. ಮನುಷ್ಯರಿಗೆ ಅಪಾಯ ಮಾಡುವಂಥ ವಿಷದ ಹಾವು ಕ್ರೀಟ್‌ನಲ್ಲಿ ಇಲ್ಲ, ಆ ಚಿಂತೆ ಬಿಡಿ. ಸಮಾರಿಯಾ ಮಾತ್ರ ನಿಮಗಲ್ಲ, 16 ಕಿಲೋಮೀಟರ್ ಬರೀ ಕಲ್ಲಿನ ಇಳಿಜಾರು. ಗಿಯುಸ್ ಕಾಂಬೋಸ್ ಸಮತಟ್ಟು, ಕಾರು ನಿಲ್ಲಿಸಿದ ಹತ್ತು ಹೆಜ್ಜೆಯಲ್ಲೇ ಹೂ. ಬೆಟ್ಟದ ರಸ್ತೆ ಕಿರಿದು, ಗಾಡಿ ಓಡಿಸುವುದು ಬಲಗಡೆ, ಹಾಗಾಗಿ ಅಭ್ಯಾಸ ಇರುವವರು ಓಡಿಸಲಿ. ಪ್ರೆವೆಲಿ ತೀರದಲ್ಲಿ ನಮ್ಮ ಈಚಲು ಮರದ ಹತ್ತಿರದ ಜಾತಿಯ ತೋಪು ಇದೆ. 2010ರ ಬೆಂಕಿಯಲ್ಲಿ ಸುಟ್ಟು ಮತ್ತೆ ಚಿಗುರಿದ ಮರಗಳವು. ಕೆಳಗಿಳಿಯಲು ಮೆಟ್ಟಿಲು ಕಡಿದಾಗಿವೆ. ನೀವು ಮೇಲೆ ಕಾರು ನಿಲ್ಲಿಸುವ ಜಾಗದ ಹತ್ತಿರವೇ ನಿಲ್ಲಿ. ಅಲ್ಲಿಂದ ಹೊಳೆ, ಈಚಲು, ಕಡಲು ಮೂರೂ ಕಾಣುತ್ತವೆ. ಗಾಳಿ ಜೋರು, ಒಂದು ಶಾಲು ಇರಲಿ.